‘ವಲ್ನರೆಬಲ್’ಗೆ ಕನ್ನಡದಲ್ಲಿ ಎಂತ ಬರೀಬೇಕು? ‘ದುರ್ಬಲ’ ಅಂತ ಹಾಕೋ ಮುಂಚೆ ಇದನ್ನ ನೋಡಿ

ಸರ್ವೆ ಫಾರ್ಮು, ಪಂಚಾಯ್ತಿ ಪಾಂಪ್ಲೆಟ್ಟು, ಎನ್‌ಜಿಓ ರಿಪೋರ್ಟು, ಶಾಲೆ ಪೋಸ್ಟರು, ಇಂಥದ್ದನ್ನೆಲ್ಲ ಇಂಗ್ಲಿಷಿಂದ ಕನ್ನಡಕ್ಕೆ ಮಾಡಿಕೊಡೋ ಕೆಲಸ ನಮ್ಮ ಜಿಲ್ಲೇಲಿ ಸುಮಾರು ಜನರ ತಲೆ ಮೇಲೆ ಬಂದು ಬೀಳ್ತದೆ. ಕಾರವಾರ ಇರ್ಲಿ ಶಿರಸಿ ಇರ್ಲಿ, ಇವನಿಗೆ ಸ್ವಲ್ಪ ಇಂಗ್ಲಿಷು ಬರ್ತದೆ, ನುಡಿಯಲ್ಲಿ ಟೈಪ್ ಮಾಡೋಕೂ ಬರ್ತದೆ ಅಂತ ಗೊತ್ತಾದ್ರೆ ಮುಗೀತು, "ಇದೊಂದು ನಾಲ್ಕು ಪೇಜು ಕನ್ನಡ ಮಾಡಿಕೊಡು ಮಾರಾಯಾ" ಅಂತ ಶುರು. ದುಡ್ಡು ಕೊಡೋದು ಆಮೇಲಿನ ಮಾತು. ಅಂಥೋರಿಗೆ ಅಂತ ಬರೆದದ್ದು ಇದು, ಅದೂ ಒಂದೇ ಒಂದು ಪದದ ಬಗ್ಗೆ. ವಲ್ನರೆಬಲ್, ವಲ್ನರಬಿಲಿಟಿ. ಮಳೆಗಾಲದ ಪಾಂಪ್ಲೆಟ್ಟಿಂದ ಹಿಡಿದು ಮೊಬೈಲ್ ಅಪ್‌ಡೇಟಿನ ತನಕ ಎಲ್ಲಾ ಕಡೆ ಇರೋ ಪದ, ಡಿಕ್ಷನರಿ ತೆಗೆದ್ರೆ ದುರ್ಬಲತೆ, ಭೇದ್ಯತೆ ಅಂತ ಸಿಗ್ತದೆ, ಭೇದ್ಯತೆ ಅಂದ್ರೆ ಯಾರಿಗೂ ಅರ್ಥ ಆಗೋದಿಲ್ಲ ಅಂತ ಅದನ್ನ ಬಿಟ್ಟು ದುರ್ಬಲ ಅಂತ ಹಾಕಿ ಮುಂದೆ ಹೋಗ್ತಾರೆ. ಎಡವಟ್ಟು ಆಗೋದು ಅಲ್ಲೇ.

ಮೊದ್ಲು ಕೇಳ್ಕೊಳ್ಳಿ: ಎಂತದಕ್ಕೆ ವಲ್ನರೆಬಲ್?

ಇಂಗ್ಲಿಷಿನ ಈ ಪದ ಲ್ಯಾಟಿನ್ನಿನ ವುಲ್ನಸ್ ಅನ್ನೋದರಿಂದ ಬಂದದ್ದು, ವುಲ್ನಸ್ ಅಂದ್ರೆ ಗಾಯ. ಗಾಯ ಆಗಬಹುದಾದವನು, ಪೆಟ್ಟು ತಾಗೋ ಜಾಗದಲ್ಲಿ ಇರೋನು, ಇಷ್ಟೇ ಅದರ ಮೂಲ ಅರ್ಥ, ಮೈಯಲ್ಲಿ ಶಕ್ತಿ ಇಲ್ಲ ಅನ್ನೋದು ಅದರೊಳಗೆ ಇಲ್ವೇ ಇಲ್ಲ. ಇದನ್ನ ನಮ್ಮ ಕಡೆ ಜನಕ್ಕೆ ಹೇಳೋದು ಸುಲಭ, ಯಕ್ಷಗಾನದ ಗದಾಯುದ್ಧ ಪ್ರಸಂಗ ನೋಡದೇ ಇದ್ದೋರು ಯಾರಿದ್ದಾರೆ ಹೇಳಿ. ಕೌರವ ದುರ್ಬಲನಾ? ಭೀಮನಿಗೇ ಬೆವರಿಳಿಸಿದವ ಅವ. ಆದ್ರೆ ತೊಡೆ ಒಂದು ಪೆಟ್ಟಿಗೆ ಸಿಗ್ತಿತ್ತು, ಕೃಷ್ಣನ ಸನ್ನೆ ಆದ್ಮೇಲೆ ಗದೆ ಬಿದ್ದದ್ದೂ ಅಲ್ಲೇ. ಆಟ ನೋಡಿ ಬಂದೋರು ಯಾರೂ ದುರ್ಯೋಧನ ದುರ್ಬಲ ಅಂತ ಹೇಳೋದಿಲ್ಲ, ಆದ್ರೆ ಇಂಗ್ಲಿಷಲ್ಲಿ ಅವನ ತೊಡೆಗೆ ವಲ್ನರೆಬಲ್ ಅಂತ ಧಾರಾಳವಾಗಿ ಹೇಳಬಹುದು.

ಹಾಗಾಗಿ ಈ ಪದ ಎಲ್ಲಿ ಬಂದ್ರೂ ಅದರ ಹಿಂದೆ ಒಂದು ‘ಯಾವುದಕ್ಕೆ’ ಇದ್ದೇ ಇರ್ತದೆ. ನೆರೆಗಾ, ಗುಡ್ಡ ಕುಸಿತಕ್ಕಾ, ರೋಗಕ್ಕಾ, ಮೋಸಕ್ಕಾ, ಬೆದರಿಕೆಗಾ? 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ಲಾನ್ ಹೇಗಿರಬೇಕು ಅಂತ ಹೇಳೋ ಕಲಮಿನಲ್ಲಿ ಬರೀ ವಲ್ನರೆಬಲ್ ಏರಿಯಾ ಅಂತ ಬರೆದಿಲ್ಲ, ಜಿಲ್ಲೆಯ ಯಾವ್ಯಾವ ಜಾಗ ಯಾವ್ಯಾವ ಬಗೆಯ ವಿಪತ್ತಿಗೆ ಸಿಗಬಹುದು ಅಂತ ಪಟ್ಟಿ ಮಾಡಿ ಅಂತಾನೇ ಇದೆ. ಇಂಗ್ಲಿಷ್ ವಾಕ್ಯದಲ್ಲಿ ಆ ‘ಯಾವುದಕ್ಕೆ’ ಬಿಟ್ಟು ಹೋಗಿದ್ರೆ ಮೇಲಿನ ಪ್ಯಾರಾ ನೋಡಿ, ಅಲ್ಲೂ ಇಲ್ದಿದ್ರೆ ಬರೆದೋರಿಗೆ ಫೋನ್ ಹಾಕಿ ಕೇಳಿ. ಅವರಿಗೂ ಗೊತ್ತಿಲ್ಲ ಅಂತಾದ್ರೆ ಆ ವಾಕ್ಯಕ್ಕೆ ಅರ್ಥ ಇಲ್ಲ ಅಂತ ಲೆಕ್ಕ, ಇದು ನಾನು ತಮಾಷೆಗೆ ಹೇಳ್ತಿರೋದಲ್ಲ, ರಿಪೋರ್ಟುಗಳಲ್ಲಿ ಅಂಥ ವಾಕ್ಯ ಬೇಕಾದಷ್ಟು ಇರ್ತಾವೆ.

ಆಮೇಲೆ ‘-ತೆ’ ಬಿಟ್ಟು ಕ್ರಿಯಾಪದ ಹಿಡೀರಿ

ದುರ್ಬಲತೆ ಅಂತ ಬರೆದ ಕೂಡ್ಲೇ ಯಾವುದಕ್ಕೆ ಅನ್ನೋದು ಮಾಯ ಆಗ್ತದೆ, ತಪ್ಪು ಆ ಮನುಷ್ಯನದ್ದೇ ಅಂತ ಆಗ್ತದೆ. ಅದೇ ತುತ್ತಾಗು ಅಂತ ಬರೀರಿ, ‘ಎಂತದಕ್ಕೆ’ ಅಂತ ವಾಕ್ಯಾನೇ ಕೇಳ್ತದೆ, ‘-ಗೆ’ ಪ್ರತ್ಯಯ ಹಾಕದೇ ಮುಂದೆ ಹೋಗೋಕೆ ಆಗೋದಿಲ್ಲ. ಕನ್ನಡ ನಮಗೆ ಪುಕ್ಕಟೆ ಕೊಟ್ಟಿರೋ ಅನುಕೂಲ ಅದು, ಬಳಸ್ಕೊಳ್ಳಿ. ಆದ್ರೆ ಒಂದೊಂದಕ್ಕೂ ಒಂದೊಂದು ಜಾಗ ಉಂಟು.

ತುತ್ತಾಗು ಅನ್ನೋದು ರೋಗಕ್ಕೆ, ನೆರೆಗೆ, ಬರಕ್ಕೆ ಚೆನ್ನಾಗಿ ಕೂರ್ತದೆ. ಗುರಿಯಾಗು ಅಂದ್ರೆ ಆ ಕಡೆಯಿಂದ ಯಾರೋ ಗುರಿ ಇಡ್ತಿದ್ದಾರೆ ಅಂತ ಅರ್ಥ ಬರ್ತದೆ, ಹಾಗಾಗಿ ಟೀಕೆ, ದಾಳಿ, ಆನ್‌ಲೈನ್ ವಂಚನೆ ಇಂಥದ್ದಕ್ಕೆ ಸರಿ, ಚಂಡಮಾರುತಕ್ಕೆ ಗುರಿಯಾದ ಅಂತ ಪೇಪರಿನವರು ಬರೀತಾರೆ, ನಾನು ಬರೆಯೋದಿಲ್ಲ. ಈಡಾಗು ಸ್ವಲ್ಪ ಆಫೀಸ್ ಭಾಷೆ, ಸರ್ಕಾರಿ ಕಾಗದಕ್ಕೆ ನಡೀತದೆ. ಒಳಗಾಗು ಎಲ್ಲಾ ಕಡೆ ಹೋಗ್ತದೆ, ಒತ್ತಡಕ್ಕೆ, ದೌರ್ಜನ್ಯಕ್ಕೆ, ಆಮಿಷಕ್ಕೆ. ಬಲಿಯಾಗು ಮಾತ್ರ ಹುಷಾರು, ಅದನ್ನ ಓದಿದವ ಸತ್ತೇ ಹೋದ ಅಂತ ತಿಳ್ಕೊಳ್ತಾನೆ. ಇನ್ನು ಮಾತಿನ ಕನ್ನಡದಲ್ಲಿ ಬರೀ ‘ಸಿಗು’ ಸಾಕು, ಪೆಟ್ಟಿಗೆ ಸಿಗೋ ಜಾಗ, ಗಾಳಿಗೆ ಸಿಗೋ ಮನೆ, ನನಗಂತೂ ಇದೇ ಇಷ್ಟ.

ಕಾಲ ನೋಡಿಕೊಳ್ಳೋದು ಇನ್ನೂ ಮುಖ್ಯ. ತುತ್ತಾದ ಬೇರೆ, ತುತ್ತಾಗುವ ಬೇರೆ, ತುತ್ತಾಗಬಹುದಾದ ಬೇರೆ. ವಲ್ನರೆಬಲ್ ಅಂದ್ರೆ ಮೂರನೇದು, ಇನ್ನೂ ಆಗಿಲ್ಲ, ಆಗಬಹುದು. ಇದನ್ನ ಮರೆತು ‘ನೆರೆಪೀಡಿತ ಗ್ರಾಮಗಳು’ ಅಂತ ಹೆಡ್ಡಿಂಗ್ ಹಾಕಿದ್ರೆ ಓದಿದೋರು ಪರಿಹಾರ ಎಷ್ಟು ಬಂತು ಅಂತ ಪಂಚಾಯ್ತಿ ಬಾಗಿಲಿಗೆ ಬರ್ತಾರೆ, ಬರದೇ ಇರ್ತಾರಾ, ನೀವೇ ಬರೆದಿದ್ದೀರಿ ಪೀಡಿತ ಅಂತ. ಗಂಗಾವಳಿ, ಕಾಳಿ, ಶರಾವತಿ ಹೊಳೆ ದಂಡೆ ಊರುಗಳ ಪಟ್ಟಿ ಮಾಡೋವಾಗ ‘ನೆರೆ ನುಗ್ಗಬಹುದಾದ ಊರುಗಳು’ ಅಂತ ಹಾಕಿ, ಗೊಂದಲ ಇಲ್ಲ.

ಗುಡ್ಡ ಕುಸಿತ, ನೆರೆ ಬಗ್ಗೆ ಬರೆಯೋವಾಗ

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡ್ತೇನೆ, ಯಾಕಂದ್ರೆ ನಮ್ಮ ಕಡೆ ಬರೋ ಡಾಕ್ಯುಮೆಂಟಲ್ಲಿ ಈ ಪದ ಹೆಚ್ಚು ಕಾಣೋದು ಇಲ್ಲೇ. ವಿಪತ್ತಿನ ವಿಷಯದವರು ನಾಲ್ಕು ಪದ ಬೇರೆ ಬೇರೆ ಇಟ್ಕೊಂಡಿರ್ತಾರೆ: ಹಜಾರ್ಡ್, ಎಕ್ಸ್‌ಪೋಷರ್, ವಲ್ನರಬಿಲಿಟಿ, ರಿಸ್ಕ್. ನಾವು ನಾಲ್ಕಕ್ಕೂ ಅಪಾಯ ಅಂತ ಬರೆದು ಕೈತೊಳ್ಕೊಳ್ತೇವೆ, ಆಮೇಲೆ ‘ಅಪಾಯ ಮತ್ತು ಅಪಾಯದಿಂದಾಗಿ ಅಪಾಯ’ ಅನ್ನೋ ಥರ ವಾಕ್ಯ ಹುಟ್ತದೆ.

ಶಿರೂರಿನದ್ದೇ ತಗೊಳ್ಳಿ. 2024ರ ಜುಲೈ 16, ಅಂಕೋಲಾ ತಾಲೂಕು, ಹೆದ್ದಾರಿ 66ರ ಪಕ್ಕದ ಗುಡ್ಡ ಕುಸೀತು. ಗುಡ್ಡ ಕುಸಿಯೋದು ಹಜಾರ್ಡ್. ಅದರ ಬುಡದಲ್ಲೇ ರಸ್ತೆ, ಚಾ ಅಂಗಡಿ, ನಿಂತ ಲಾರಿಗಳು ಇದ್ದದ್ದು ಎಕ್ಸ್‌ಪೋಷರ್, ಅಂದ್ರೆ ಅದರ ದಾರಿಗೆ ಅಡ್ಡ ಇರೋದು. ಮಣ್ಣು ಹೋಗಿ ಗಂಗಾವಳಿಗೆ ಬಿತ್ತು, ಹೊಳೆ ನೀರು ಎದ್ದು ಆಚೆ ದಂಡೆಯ ಉಳವರೆ ಮನೆಗಳ ಮೇಲೆ ನುಗ್ತು. ಉಳವರೆಯವರ ತಲೆ ಮೇಲೆ ಆ ಗುಡ್ಡ ಬೀಳ್ಲಿಲ್ಲ, ಹೊಳೆ ದಾಟಿ ಪೆಟ್ಟು ಬಂತು. ‘ಗುಡ್ಡ ಕುಸಿತದ ದುರ್ಬಲ ಪ್ರದೇಶ’ ಅಂತ ಬೋರ್ಡ್ ಹಾಕಿದ್ರೆ ಉಳವರೆ ಅದರೊಳಗೆ ಬರೋದೇ ಇಲ್ಲ ನೋಡಿ. ‘ಗುಡ್ಡ ಕುಸಿದ್ರೆ ಪೆಟ್ಟು ತಾಗಬಹುದಾದ ಜಾಗಗಳು’ ಅಂತ ಬರೆದಾಗ ಮಾತ್ರ ಆಚೆ ದಂಡೆಯೂ ನೆನಪಾಗ್ತದೆ.

ಇನ್ನು ವಲ್ನರಬಿಲಿಟಿ ಅಂದ್ರೆ, ಒಂದೇ ಜಾಗದಲ್ಲಿ ಎರಡು ಮನೆ ಇದ್ದು ಒಂದಕ್ಕೆ ಹೆಚ್ಚು ಪೆಟ್ಟು ಯಾಕೆ ಬೀಳ್ತದೆ ಅನ್ನೋದು. ಮಣ್ಣಿನ ಗೋಡೆ. ನಡೆಯೋಕಾಗದ ಅಜ್ಜಿ ಒಬ್ಬಳೇ ಇರೋದು. ಮೊಬೈಲಿಗೆ ಸಿಗ್ನಲ್ ಸಿಗದೇ ಎಚ್ಚರಿಕೆ ಮೆಸೇಜ್ ಬಾರದೇ ಇರೋದು. ಸಂಕ, ಅಂದ್ರೆ ಕಾಲುಸೇತುವೆ ಮುಳುಗಿದ್ರೆ ಬೇರೆ ದಾರಿ ಇಲ್ಲದಿರೋದು. ಕೊಟ್ಟಿಗೇಲಿ ಕಟ್ಟಿದ ದನ ಬಿಟ್ಟು ಹೊರಡೋಕೆ ಮನಸ್ಸು ಬಾರದೇ ಇರೋದು, ಇದೂ ಲೆಕ್ಕಕ್ಕೆ ಬರ್ತದೆ. ಈ ಮೂರೂ ಸೇರಿ ಎಷ್ಟು ಹಾನಿ ಆಗಬಹುದು ಅನ್ನೋ ಲೆಕ್ಕ ರಿಸ್ಕ್. ನನ್ನ ಕೇಳಿದ್ರೆ ಇಂಥ ಕಡೆ ಒಂದೇ ಪದ ಹುಡುಕೋ ಹಟ ಬಿಡಿ, ಕಾರಣಾನೇ ಬರೀರಿ. ‘ದುರ್ಬಲ ಕುಟುಂಬಗಳನ್ನು ಮೊದಲು ಸ್ಥಳಾಂತರಿಸಬೇಕು’ ಅಂತ ಬರೆದ್ರೆ ಯಾರನ್ನ ಅಂತ ಪಿಡಿಓಗೂ ಗೊತ್ತಾಗೋದಿಲ್ಲ, ‘ಹಾಸಿಗೆ ಹಿಡಿದವರು, ಬಸುರಿ ಬಾಣಂತಿಯರು, ಒಬ್ಬೊಬ್ಬರೇ ಇರುವ ವಯಸ್ಸಾದವರು ಇರುವ ಮನೆಗಳಿಂದ ಮೊದಲು ಕರೆದುಕೊಂಡು ಬರಬೇಕು’ ಅಂತ ಬರೆದ್ರೆ ಆಶಾ ಕಾರ್ಯಕರ್ತೆ ಬೆರಳು ಮಡಚಿ ಮನೆ ಲೆಕ್ಕ ಕೊಡ್ತಾಳೆ. ಎರಡು ಸಾಲು ಜಾಸ್ತಿ ಆಯ್ತು ಅಂತ ಡಿಟಿಪಿಯವ ಗೊಣಗಿದ್ರೆ ಗೊಣಗಲಿ.

ಸಸೆಪ್ಟಿಬಿಲಿಟಿ ಅಂತ ಇನ್ನೊಂದು ಬರ್ತದೆ, ಜಿಯಾಲಾಜಿಕಲ್ ಸರ್ವೆಯವರ ಮ್ಯಾಪಲ್ಲಿ. ಅದು ಮಣ್ಣಿನ, ಇಳಿಜಾರಿನ ಗುಣ, ಜನರದ್ದಲ್ಲ. ‘ಕುಸಿಯುವ ಸಾಧ್ಯತೆ’ ಅಂತ ಹಾಕಿ ಮುಂದೆ ಹೋಗಿ.

ಎದುರಿಗೆ ಕೂತವರನ್ನ ಕೇಳೋ ಫಾರ್ಮಾದ್ರೆ

ಇಲ್ಲಿ ಬರೀ ತಪ್ಪು ಅನುವಾದ ಅಷ್ಟೇ ಆಗೋದಿಲ್ಲ, ಜನಕ್ಕೆ ಬೇಜಾರೂ ಆಗ್ತದೆ. ಕುಮಟಾ ಕಡೆ ಒಂದು ಮೀನುಗಾರರ ಕೇರಿಯಲ್ಲಿ ಕಾಲೇಜು ಹುಡುಗಿ ಒಬ್ಬಳು ಫಾರ್ಮ್ ಹಿಡ್ಕೊಂಡು ಓದ್ತಿದ್ಲು, ‘ನಿಮ್ಮ ಕುಟುಂಬವು ದುರ್ಬಲ ಕುಟುಂಬವೇ? ಹೌದು, ಇಲ್ಲ’. ಮೀನು ಬುಟ್ಟಿ ತೊಳೀತಿದ್ದ ಹೆಂಗಸು ಕೈ ನಿಲ್ಲಿಸಿ, "ಎಂಥಾ ದುರ್ಬಲ ತಂಗೀ? ಮಗ ಬೋಟಿಗೆ ಹೋಗ್ತಾ, ನಾ ಮೀನ್ ಮಾರ್ತೆ, ಯಾರ ಹತ್ರ ಕೈ ಚಾಚಿದೇವೆ ನಾವು?" ಅಂದ್ಲು. ಹುಡುಗಿ ‘ಇಲ್ಲ’ಕ್ಕೆ ಟಿಕ್ ಹಾಕಿ ಮುಂದಿನ ಮನೆಗೆ ಹೋದ್ಲು. ಮನೆ ಹಿಂದೆ ಕಡಲು ಹಿತ್ತಲ ತನಕ ಬಂದಿದ್ದು, ಅಲ್ಲಿದ್ದ ಎರಡು ತೆಂಗಿನಮರ ಬುಡ ಕಿತ್ತು ವಾಲಿದ್ದು ಫಾರ್ಮಿಗೆ ಬರ್ಲೇ ಇಲ್ಲ. ಕೇಳಬೇಕಿದ್ದದ್ದು ಇಷ್ಟೇ: ‘ಮಳೆಗಾಲದಲ್ಲಿ ಕಡಲು ಮನೆ ತನಕ ಬರ್ತದಾ? ಬಂದ್ರೆ ಎಲ್ಲಿಗೆ ಹೋಗ್ತೀರಿ? ಬೋಟು ಕಟ್ಟಿ ಹಾಕಿದ ತಿಂಗಳುಗಳಲ್ಲಿ ಖರ್ಚಿಗೆ ಏನು ಮಾಡ್ತೀರಿ?’ ಜೂನ್ ಜುಲೈ ಟ್ರಾಲಿಂಗ್ ಬಂದ್ ಇರೋದು ಎಲ್ಲರಿಗೂ ಗೊತ್ತಿರೋದೇ, ಆ ಎರಡು ತಿಂಗಳ ಬಗ್ಗೆ ಕೇಳಿದ್ರೆ ಬೇಕಾದ ಮಾಹಿತಿ ಎಲ್ಲಾ ತಾನಾಗೇ ಬರ್ತದೆ.

ರೋಗದ್ದೂ ಇದೇ ಕತೆ. ಸಿದ್ದಾಪುರ ಕಡೆ ಮಂಗನ ಕಾಯಿಲೆ ಬರೋದು ಉಣುಗಿನಿಂದ, ದರಕು, ಅಂದ್ರೆ ಒಣಗಿ ಬಿದ್ದ ಎಲೆ ಗುಡಿಸೋಕೆ, ಸೊಪ್ಪು ತರೋಕೆ ಅಂತ ದಿನಾ ಬೆಟ್ಟಕ್ಕೆ ಹೋಗೋರಿಗೇ ಅದು ಹೆಚ್ಚು ತಾಗೋದು. ಅವರು ಊರಲ್ಲೇ ಗಟ್ಟಿ ಆಳುಗಳು, ಹೊರೆ ಹೊತ್ತು ಘಟ್ಟ ಹತ್ತೋರು, ಅವರ ಎದುರಿಗೆ ‘ದುರ್ಬಲ ಜನಸಂಖ್ಯೆ’ ಅಂತ ಪೋಸ್ಟರ್ ಅಂಟಿಸಿದ್ರೆ ಇದು ನಮ್ಮ ಬಗ್ಗೆ ಅಲ್ಲ ಅಂತ ಮುಂದೆ ಹೋಗ್ತಾರೆ. ‘ಕಾಡಿಗೆ ಹೋಗುವವರಿಗೆ ಬೇಗ ತಾಗುತ್ತದೆ’ ಅಂತ ಬರೀರಿ ಸಾಕು.

ಕಾಯಂ ಆಗಿ ಕೂತ ಪದಗಳನ್ನ ಮುಟ್ಟಬೇಡಿ, ಆದ್ರೆ ಅದಲುಬದಲು ಮಾಡಬೇಡಿ

ದುರ್ಬಲ ವರ್ಗ ಅಂತ ಸರ್ಕಾರಿ ಕಾಗದದಲ್ಲಿ ಇರ್ತದಲ್ಲ, ಅದು ವೀಕರ್ ಸೆಕ್ಷನ್ಸ್‌ಗೆ, ಸಂವಿಧಾನದ 46ನೇ ವಿಧಿಯಲ್ಲಿರೋ ಮಾತು ಅದು, ವಲ್ನರೆಬಲ್‌ಗೆ ಅಲ್ಲ. ಬುಡಕಟ್ಟುಗಳ ವಿಷಯದಲ್ಲಿ ಪಿವಿಟಿಜಿ ಅಂತ ಒಂದು ಪಟ್ಟಿ ಉಂಟು, ‘ನಿರ್ದಿಷ್ಟವಾಗಿ ದುರ್ಬಲ ಬುಡಕಟ್ಟು ಗುಂಪು’ ಅಂತ ಕನ್ನಡದಲ್ಲಿ ಹಾಕ್ತಾರೆ, 2006ರ ಮುಂಚೆ ಅದೇ ಪಟ್ಟಿಗೆ ಪ್ರಿಮಿಟಿವ್ ಅಂತ ಹೆಸರಿತ್ತು. ಕರ್ನಾಟಕದಲ್ಲಿ ಅದರಲ್ಲಿರೋದು ಜೇನು ಕುರುಬರು ಮತ್ತು ಕೊರಗರು ಮಾತ್ರ. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿಯವರ ಬಗ್ಗೆ ಬರೆಯೋವಾಗ ಈ ಪದ ಅಂಟಿಸಬೇಡಿ, ಅವರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದಾರೆ, ಪಿವಿಟಿಜಿಗೆ ಅಲ್ಲ.

ಸೂಕ್ಷ್ಮ ಅನ್ನೋದು ಇನ್ನೊಂದು ತೊಂದರೆ. ಎಲೆಕ್ಷನ್ ಟೈಮಲ್ಲಿ ಸೂಕ್ಷ್ಮ ಮತಗಟ್ಟೆ, ಅತಿಸೂಕ್ಷ್ಮ ಮತಗಟ್ಟೆ ಅಂತ ಬರ್ತದೆ, ಜನಕ್ಕೆ ಅರ್ಥಾನೂ ಆಗ್ತದೆ, ಇರ್ಲಿ. ಆದ್ರೆ ಚುನಾವಣಾ ಆಯೋಗದ ವಲ್ನರಬಿಲಿಟಿ ಮ್ಯಾಪಿಂಗ್ ಅಂದ್ರೆ ಯಾವ ಕೇರಿಯ ಮತದಾರರನ್ನ ಯಾರಾದ್ರೂ ಹೆದರಿಸಬಹುದು, ಮತ ಹಾಕದ ಹಾಗೆ ತಡೀಬಹುದು ಅಂತ ಗುರುತು ಮಾಡೋದು, ಅದಕ್ಕೆ ‘ಸೂಕ್ಷ್ಮ ಮತದಾರರು’ ಅಂದ್ರೆ ನಗೆಪಾಟಲು, ‘ಬೆದರಿಕೆಗೆ ಒಳಗಾಗಬಹುದಾದ ಮತದಾರರು’ ಅನ್ನಿ. ಪರಿಸರ ಸೂಕ್ಷ್ಮ ಪ್ರದೇಶ ಅನ್ನೋದಂತೂ ಸೆನ್ಸಿಟಿವ್ ಅನ್ನೋದಕ್ಕೆ ಬಂದದ್ದು, ಘಟ್ಟದ ಮೇಲೆ ಆ ಮಾತು ತೆಗೆದ್ರೆ ಕಸ್ತೂರಿರಂಗನ್ ವರದಿ ಗಲಾಟೆ ಶುರು, ನಿಮ್ಮ ನೆರೆಯ ಪಾಂಪ್ಲೆಟ್ಟಿಗೆ ಅದು ಬೇಡವೇ ಬೇಡ.

ಕರಾವಳಿಯವರು ಇದೊಂದನ್ನ ಗೊತ್ತಿಟ್ಕೊಳ್ಳಿ: ಸಿಆರ್‌ಜೆಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯಲ್ಲಿ ಕ್ರಿಟಿಕಲಿ ವಲ್ನರೆಬಲ್ ಕೋಸ್ಟಲ್ ಏರಿಯಾ ಅಂತ ಒಂದು ಪಟ್ಟಿ ಇದೆ, ಸುಂದರ್‌ಬನ್ಸ್ ಎಲ್ಲ ಇರೋ ಪಟ್ಟಿ, ಕರ್ನಾಟಕದಿಂದ ಅದರಲ್ಲಿ ಹೆಸರಿರೋದು ಕಾರವಾರ ಮತ್ತು ಕುಂದಾಪುರ. 2019ರ ಅಧಿಸೂಚನೆಯಲ್ಲೂ ಹಾಗೇ ಮುಂದುವರೀತು. ಅಲ್ಲಿ ಮೀನುಗಾರರನ್ನೂ ಸೇರಿಸ್ಕೊಂಡು ನಿರ್ವಹಣೆ ಮಾಡಬೇಕು ಅಂತಲೂ ಇದೆ. ಇದನ್ನ ‘ಅತಿ ದುರ್ಬಲ ಕರಾವಳಿ’ ಅಂತ ಬರೆದ್ರೆ ಕಾರವಾರದ ಕಡಲಿಗೇನೋ ಕಾಯಿಲೆ ಅಂತ ಓದಿಸ್ಕೊಳ್ತದೆ. ಕಾನೂನಿನ ಹೆಸರಾದ್ದರಿಂದ ಮೊದಲ ಸಲ ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಕೊಟ್ಟು, ಪಕ್ಕದಲ್ಲೇ ‘ಬೇಗ ಹಾನಿಗೆ ಒಳಗಾಗುವ ಕರಾವಳಿ’ ಅಂತ ಬಿಡಿಸಿ ಹೇಳಿ, ಆಮೇಲೆ ಲೇಖನದುದ್ದಕ್ಕೂ ಎರಡನೇದನ್ನೇ ಬಳಸಿ.

ಕೋರ್ಟು, ಕಾಡುಪ್ರಾಣಿ, ಕಂಪ್ಯೂಟರು

ವಲ್ನರೆಬಲ್ ವಿಟ್ನೆಸ್ ಅನ್ನೋದನ್ನ ‘ದುರ್ಬಲ ಸಾಕ್ಷಿ’ ಮಾಡಿದ್ರೆ ಅರ್ಥ ಪೂರ್ತಿ ಉಲ್ಟಾ. ನಮ್ಮಲ್ಲಿ ಸಾಕ್ಷಿ ಅಂದ್ರೆ ಮನುಷ್ಯನೂ ಹೌದು, ಅವನು ಹೇಳಿದ ಮಾತೂ ಹೌದು, ದುರ್ಬಲ ಸಾಕ್ಷಿ ಅಂದ ಕೂಡ್ಲೇ ಕೇಸ್ ನಿಲ್ಲೋದಿಲ್ಲ ಅಂತ ಲಾಯರು ತಲೆ ಅಲ್ಲಾಡಿಸ್ತಾರೆ. ನಿಜವಾಗಿ ಅದು ಕೋರ್ಟಲ್ಲಿ ಹೇಳಿಕೆ ಕೊಡೋವಾಗ ವಿಶೇಷ ರಕ್ಷಣೆ ಬೇಕಾಗಿರೋ ಮಕ್ಕಳು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, ಇಂಥವರಿಗೆ ಇರೋ ಹೆಸರು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಪಟ್ಟಿಯನ್ನ ಇನ್ನೂ ದೊಡ್ಡದು ಮಾಡಿ, ಅವರ ಹೇಳಿಕೆ ತಗೊಳ್ಳೋಕೆ ಬೇರೆಯದೇ ಕೇಂದ್ರ ಇರಬೇಕು ಅಂತ ಹೇಳ್ತು. ‘ರಕ್ಷಣೆ ಬೇಕಿರುವ ಸಾಕ್ಷಿದಾರರು’ ಅಂದ್ರೆ ಸರಿಹೋಗ್ತದೆ.

ಪ್ರಾಣಿಗಳದ್ದು ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಪಟ್ಟಿ. ಅದರಲ್ಲಿ ವಲ್ನರೆಬಲ್ ಅನ್ನೋದು ಒಂದು ಮೆಟ್ಟಿಲು, ಅದರ ಮೇಲೆ ಎಂಡೇಂಜರ್ಡ್, ಅದರ ಮೇಲೆ ಕ್ರಿಟಿಕಲಿ ಎಂಡೇಂಜರ್ಡ್. ನಮ್ಮ ಪೇಪರುಗಳಲ್ಲಿ ಮೂರಕ್ಕೂ ಅಳಿವಿನಂಚಿನಲ್ಲಿರುವ ಅಂತಾನೇ ಬರೋದು. ಅಘನಾಶಿನಿ ಕಣಿವೆ ಸಿಂಗಳೀಕ ಎಂಡೇಂಜರ್ಡ್, ಅದಕ್ಕೆ ಅಳಿವಿನಂಚು ಸರಿ. ಕಾರವಾರ, ಹೊನ್ನಾವರ ಕಡಲತೀರಕ್ಕೆ ಮೊಟ್ಟೆ ಇಡೋಕೆ ಬರೋ ಆಲಿವ್ ರಿಡ್ಲೆ ಆಮೆ, ದಾಂಡೇಲಿಯ ದೊಡ್ಡ ಹಾರ್ನ್‌ಬಿಲ್, ಕಾಡುಕೋಣ, ಕಾಳಿಂಗ ಇವೆಲ್ಲ ವಲ್ನರೆಬಲ್, ಇವಕ್ಕೆ ‘ಅಳಿವಿನತ್ತ ಸಾಗಿರುವ’ ಅಂತ ಹಾಕಿ ನೋಡಿ, ಒಂದು ಮೆಟ್ಟಿಲು ಕೆಳಗೆ ಅನ್ನೋದು ಓದುವಾಗಲೇ ಗೊತ್ತಾಗ್ತದೆ. ದುರ್ಬಲ ಕಾಡುಕೋಣ ಅಂತ ಮಾತ್ರ ಬರೀಬೇಡಿ ದೇವ್ರೆ, ಅಡಿಕೆ ತೋಟಕ್ಕೆ ನುಗ್ಗಿದ ಕೋಣವನ್ನ ನೋಡಿದ ರೈತ ನಿಮ್ಮನ್ನ ಹುಡುಕ್ಕೊಂಡು ಬರ್ತಾನೆ.

ಸಾಫ್ಟ್‌ವೇರ್ ವಲ್ನರಬಿಲಿಟಿಗೆ ‘ಭದ್ರತಾ ಲೋಪ’ ಈಗಾಗ್ಲೇ ರೂಢಿಗೆ ಬಂದಿದೆ, ಅದನ್ನೇ ಇಟ್ಕೊಳ್ಳಿ.

ಮನಸ್ಸಿನ ವಿಷಯಕ್ಕೆ ಬಂದ್ರೆ ಈಗ ರೀಲ್ಸ್‌ನಲ್ಲೆಲ್ಲ ವಲ್ನರೆಬಲ್ ಆಗಿ ಇರಿ ಅಂತ ಉಪದೇಶ ಬರ್ತದೆ, ಅದನ್ನ ಅನುವಾದ ಮಾಡಿ ‘ದುರ್ಬಲರಾಗಿರಿ’ ಅಂತ ಸಬ್‌ಟೈಟಲ್ ಹಾಕಿದ್ದೂ ಕಣ್ಣಿಗೆ ಬೀಳ್ತದೆ. ಅವರು ಹೇಳ್ತಿರೋದು ಮನಸ್ಸು ಬಿಚ್ಚಿ ಮಾತಾಡಿ ಅಂತ, ಒಳಗಿರೋದನ್ನ ಹೇಳ್ಕೊಳ್ಳಿ ಅಂತ. ಅದೇ ಒಬ್ಬಳು ಗಂಡ ತೀರಿಕೊಂಡ ಮೇಲೆ ವಲ್ನರೆಬಲ್ ಆಗಿದ್ದಾಳೆ ಅಂತ ಕೌನ್ಸೆಲರ್ ಬರೆದಿದ್ರೆ ಅದು ಬೇರೆ, ‘ಮನಸ್ಸು ಸೋತಿದೆ, ಯಾರು ಏನು ಹೇಳಿದರೂ ನಂಬುವ ಸ್ಥಿತಿಯಲ್ಲಿದ್ದಾಳೆ’ ಅಂತ ಎರಡು ತುಂಡಾಗಿ ಬರೀಬೇಕಾಗ್ತದೆ.

ಕೊನೇ ಸಲ ಚೆಕ್ ಮಾಡೋದು

ಟೈಪ್ ಎಲ್ಲಾ ಮುಗಿದ ಮೇಲೆ ಫೈಂಡ್‌ಗೆ ಹೋಗಿ ‘ದುರ್ಬಲ’ ಅಂತ ಕೊಟ್ಟು ಹುಡುಕಿ. ಫೈಲು ಹಳೇ ನುಡಿ ಫಾಂಟಲ್ಲಿದ್ರೆ ಯೂನಿಕೋಡಲ್ಲಿ ಟೈಪ್ ಮಾಡಿ ಹುಡುಕಿದ್ದು ಸಿಗೋದಿಲ್ಲ, ಮೊದ್ಲು ಕನ್ವರ್ಟ್ ಮಾಡ್ಕೊಳ್ಳಿ. ರಿಪ್ಲೇಸ್ ಆಲ್ ಒತ್ತಬೇಡಿ, ದುರ್ಬಲ ವರ್ಗಾನೂ ಅದರ ಜೊತೆ ಹಾರಿಹೋಗ್ತದೆ. ಒಂದೊಂದರ ಎದುರು ನಿಂತು ಎಂತದಕ್ಕೆ ಅಂತ ಕೇಳಿ, ಉತ್ತರ ಸಿಕ್ಕಿದ್ದನ್ನ ‘-ಗೆ’ ಹಾಕಿ ತಿದ್ದಿ, ಸಿಗದೇ ಇದ್ದದ್ದಕ್ಕೆ ಹಳದಿ ಬಣ್ಣ ಬಳಿದು ಫೈಲು ಕೊಟ್ಟವರಿಗೇ ವಾಪಸ್ ಕಳಿಸಿ.